ಬಾಯಿ ಕೆಟ್ಟ ಪೆಟ್ಟಿಗೆ

ಸದ್ದು ಮಾಡದ ಯಂತ್ರವನ್ನು ರಾಯದುರ್ಗದಲ್ಲಿ ಯಾರೂ ನಂಬುವುದಿಲ್ಲ. ಇದನ್ನು ನಾನು ಬೈಗುಳವಾಗಿಯೇ ಹೇಳುತ್ತಿದ್ದೇನೆ, ಹೊಗಳಿಕೆ ಎಂದು ಯಾರೂ ತಿಳಿಯಬೇಡಿ. ಬೀದಿಗೆ ಎರಡು ಮೂರರಂತೆ ಜೀನ್ಸ್ ಹೊಲಿಯುವ ಯೂನಿಟ್ಟುಗಳು. ಬೆಳಿಗ್ಗೆ ಸ್ವಿಚ್ ಹಾಕಿದರೆ ಸಂಜೆ ಆರಿಸುವ ತನಕ ಮೋಟರುಗಳು ಗುಂಯ್‌ಗುಡುತ್ತಲೇ ಇರುತ್ತಿದ್ದವು. ಹೊಲಿದರೂ ಗುಂಯ್, ಹೊಲಿಯದೆ ಸುಮ್ಮನೆ ಕೂತರೂ ಗುಂಯ್. ಸದ್ದು ನಿಂತಿತೆಂದರೆ ಕರೆಂಟು ಹೋಯಿತು, ಇಲ್ಲವೇ ಮೋಟರು ಸುಟ್ಟಿತು. ಮೂರನೆಯ ಅರ್ಥವೊಂದು ಇರಬಹುದೆಂದು ಇಲ್ಲಿಯವರ ತಲೆಗೆ ಹೋಗುವುದೇ ಇಲ್ಲ. ಇಂಥ ಊರಿನಲ್ಲಿ, ನಮ್ಮ ಮನೆಯ ಹಾಲಿನಲ್ಲಿ ಇಡುವುದಕ್ಕೆಂದು, ಒಂದಿಷ್ಟೂ ಸದ್ದು ಮಾಡದ ಒಂದು ಸಿನಿಮಾ ಕಂಪ್ಯೂಟರು ಕಟ್ಟಲು ಹೊರಟೆ ನಾನು.

ಅದು ಅವ್ವನಿಗೋಸ್ಕರ. ಅವ್ವ ಟಿ.ವಿ. ಮುಂದೆ ಕೂತು ಒಂದು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಏಳಬೇಕು, ಇಷ್ಟೇ ನನ್ನ ಆಸೆ. ಕೇಳುವವರಿಗೆ ಇದು ಸಣ್ಣದೆನಿಸಬಹುದು. ಹಗಲಿಡೀ ಒಬ್ಬಳೇ ಹಾಲಿನಲ್ಲಿ ಕೂತು ಗೋಡೆ ನೋಡುವ ತಾಯಿ ಅವರಿಗಿಲ್ಲ, ಅದಕ್ಕೆ.

ನಾವು ಮೂಲದಲ್ಲಿ ಮಡಕಶಿರದ ಕಡೆಯ ಹಳ್ಳಿಯವರು. ನಾನು ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಅವ್ವ ನನ್ನನ್ನು ಕರೆದುಕೊಂಡು ಹೊಲಿಗೆಯ ಕೆಲಸಕ್ಕೆ, ಕನ್ನಡ ತೆಲುಗು ಎರಡೂ ಆಡುವ ಈ ಆಂಧ್ರ ಗಡಿಯ ರಾಯದುರ್ಗಕ್ಕೆ ಬಂದಳು. ಅಪ್ಪ ಕುರಿ ಬಿಟ್ಟು ಬರುವುದಿಲ್ಲವೆಂದು ಅಲ್ಲೇ ಉಳಿದ. ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಈ ಗದ್ದಲದಲ್ಲಿ ಮನುಷ್ಯರು ಇರುತ್ತಾರೇನು ಎಂದು ಗೊಣಗಿ ಮಾರನೆಯ ದಿನವೇ ಬಸ್ಸು ಹತ್ತುತ್ತಿದ್ದ. ಅಪ್ಪ ತೀರಿಕೊಳ್ಳುವ ತನಕ ಹೀಗೇ ನಡೆಯಿತು. ಅವನನ್ನು ನಾವು ಹಳ್ಳಿಗುಗ್ಗು ಎಂದು ನಗುತ್ತಿದ್ದೆವು. ಅವ್ವನನ್ನು ನೋಡಿ ನಗುವವರು ಯೂನಿಟ್ಟಿನಲ್ಲಿದ್ದರು. 'ಬತ್ತೀನಿ, ಓಯ್ತೀನಿ' ಎನ್ನುವ ಅವಳ ಮಾತನ್ನು ಅಣಕಿಸಿ ಅಲ್ಲಿಯ ಹೆಂಗಸರು ಮಜಾ ತಗೊಳ್ಳುತ್ತಿದ್ದರಂತೆ. ಅಣಕಿಸುತ್ತಲೇ ಗೆಳತಿಯರಾದರು. ಇಪ್ಪತ್ತೆರಡು ವರ್ಷ ಅವ್ವ ಒಂದೇ ಯೂನಿಟ್ಟಿನಲ್ಲಿ ಪ್ಯಾಂಟಿನ ಕಾಲುಗಳ ಜೋಡಿ ಹೊಲಿಗೆ ಹಾಕಿದಳು. ಆ ಹೊಲಿಗೆಯ ಮಷೀನೇ ಎಲ್ಲಕ್ಕಿಂತ ಹೆಚ್ಚು ಬಡಿದುಕೊಳ್ಳುವುದು.

ನಾನು ಅದೇ ಮಷೀನುಗಳ ಮೆಕ್ಯಾನಿಕ್ ಆದೆ. ಎರಡೂ ಕೈ ಮಷೀನಿನೊಳಗಿರುವಾಗ ತಿರುಪುಗಳನ್ನು ಇಡುವುದಕ್ಕೆ ಬೇರೆ ಜಾಗವಿಲ್ಲ, ಹಾಗಾಗಿ ತುಟಿಗಳ ನಡುವೆ ಕಚ್ಚಿಕೊಂಡೇ ಮಾತಾಡುವುದು ನನ್ನ ಅಭ್ಯಾಸ. ಮನೆಯಲ್ಲೂ ಅಷ್ಟೇ. ಅವ್ವ ಏನಾದರೂ ಕೇಳಿದರೆ ಬಗ್ಗಿದ ತಲೆ ಎತ್ತದೆ, ತಿರುಪು ಕಚ್ಚಿಕೊಂಡೇ ಉತ್ತರ ಕೊಡುತ್ತಿದ್ದೆ. ಅವಳು 'ಆಂ?' ಎನ್ನುವಳು. ನನಗೆ ರೇಗುವುದು. ಎರಡನೆಯ ಸಲ ಕೂಗಿ ಹೇಳುವೆ, ಮೂರನೆಯ ಸಲ ಏನೂ ಇಲ್ಲ ಬಿಡವ್ವ ಎಂದುಬಿಡುವೆ.

ನನ್ನ ಸಿಟ್ಟು ಬೀದಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೆ ತಕ್ಕ ಮೀಸೆಯೂ ಇತ್ತು. ಮದುವೆಯ ವರ್ಷ ಬಿಟ್ಟದ್ದು, ಮೇಲಿನ ತುಟಿಯನ್ನು ಪೂರಾ ಮುಚ್ಚಿ ಕೆಳಗಿನದಕ್ಕೂ ತಾಗುತ್ತಿತ್ತು. ಅದನ್ನು ತೆಗೆಯೋ ಎಂದು ಅವ್ವ ಶುರುಮಾಡಿದ್ದು ಆಗಿನಿಂದಲೇ. ಗಂಡಸಿನ ಮೀಸೆ ತಾಯಿಗೆ ಏನು ಅಡ್ಡ ಬಂದಿದೆ ಎಂದು ನಾನು. ಒಮ್ಮೆ ಅವಳು ನನ್ನ ಮುಖಕ್ಕೆ ಕೈ ತೋರಿಸಿ, 'ನಿನ್ ಬಾಯಿ ಕೆಟ್ಟೋಗೈತೆ ಕಣ್ಲಾ' ಅಂದಳು. ಬೈಗುಳ ಜಾಸ್ತಿಯಾಗಿದೆ ಎನ್ನುತ್ತಿದ್ದಾಳೆ ಅಂದುಕೊಂಡೆ. ಅದೇನೂ ಸುಳ್ಳಲ್ಲವಾದ್ದರಿಂದ ಸುಮ್ಮನಾದೆ.

ಅವ್ವನ ಕಿವಿ ಸ್ವಲ್ಪ ಮಂದ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಸ್ವಲ್ಪ ಅಂದರೆ ಎಷ್ಟು ಎಂದು ಯಾರೂ ಅಳೆಯಲಿಲ್ಲ. ಬೇಕಾದ್ದು ಮಾತ್ರ ಕೇಳಿಸುತ್ತದೆ ಅವಳಿಗೆ ಎಂದು ನೆಂಟರು ನಗಾಡಿದರು. ನನಗೂ ಹಾಗೇ ಅನಿಸಿದ್ದುಂಟು. ಯಾರಾದರೂ ಎದುರಿಗೆ ಕೂತು ಮಾತಾಡಿದರೆ ಪಟ್ಟನೆ ಉತ್ತರ ಕೊಡುವವಳು ಅಡುಗೆಮನೆಯಿಂದ ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲವಲ್ಲ. ಯಾವುದೋ ಕ್ಯಾಂಪಿನಲ್ಲಿ ಕಿವಿಗೆ ಹಾಕುವ ಮಷೀನು ಕೊಟ್ಟರು. ಎರಡು ದಿನ ಹಾಕಿಕೊಂಡು, ಯೂನಿಟ್ಟೇ ಕಿವಿಯೊಳಗೆ ಬಂದು ಕೂತಂಗೈತೆ ಎಂದು ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟಳು.

ಒಂದು ಸಲ ಅವ್ವನ ಯೂನಿಟ್ಟಿನ ಮಾಲೀಕನ ಹತ್ತಿರ ಹೋಗಿ ಕೇಳಿದೆ, ನಮ್ಮವ್ವನ ಕಿವಿ ಹೀಗಾಗಿದೆಯಲ್ಲ, ನೀವೇನು ಹೇಳುತ್ತೀರಿ ಎಂದು. ಅವನು ಚಹಾ ತರಿಸಿದ. ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ ಬಿಡ್ರಿ ಎಂದ. ಅವ್ವನಿಗೆ ಆಗ ಐವತ್ತೂ ತುಂಬಿರಲಿಲ್ಲ. ನನ್ನ ಮೈ ಉರಿದುಹೋಯಿತು. ಆದರೆ ಅವನ ಯೂನಿಟ್ಟಿನ ಮೋಟರುಗಳನ್ನೆಲ್ಲ ಬದಲಾಯಿಸುವ ಕೆಲಸ ನನ್ನ ಕೈಯಲ್ಲಿತ್ತು. ಚಹಾ ಕುಡಿದೆ.

ಆ ಕೆಲಸದ ಬಗ್ಗೆ ಹೇಳಲೇಬೇಕು. ಹಳೆಯ ಕ್ಲಚ್ ಮೋಟರು ಸ್ವಿಚ್ ಹಾಕಿದ ಗಳಿಗೆಯಿಂದ ತಿರುಗುತ್ತಲೇ ಇರುತ್ತದೆ, ಕರೆಂಟು ತಿನ್ನುತ್ತಲೇ ಇರುತ್ತದೆ. ಆಮೇಲೆ ಬಂದದ್ದು ಸರ್ವೋ ಮೋಟರು. ಪೆಡಲು ಒತ್ತಿದಾಗ ಮಾತ್ರ ತಿರುಗುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಊರಿನ ಯೂನಿಟ್ಟುಗಳಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದವರಲ್ಲಿ ನಾನೂ ಒಬ್ಬ. ಬಿಲ್ಲು ಅರ್ಧಕ್ಕಿಳಿತದ್ರಿ, ಎಂದು ಹೇಳಿ ಹೇಳಿ ಮಾಲೀಕರನ್ನು ಒಪ್ಪಿಸಿದೆ. ಹೊಲಿಯುವವರ ಕಿವಿ ಉಳಿಯುತ್ತದೆ ಎಂದು ನಾನು ಒಬ್ಬನಿಗೂ ಹೇಳಲಿಲ್ಲ. ಹೇಳಿದ್ದರೆ ಒಂದು ಮೋಟರೂ ಬದಲಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು, ಆದರೆ ನನಗೆ ಅದು ಹೊಳೆಯಲೂ ಇಲ್ಲ.

ಅವ್ವ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೇ. ಅವಳು ಇನ್ನೊಂದು ಯೂನಿಟ್ಟಿನಲ್ಲಿ ಹೊಲಿಯುತ್ತಾಳೆ. ಅವ್ವ ಟಿ.ವಿ. ಹಾಕಿ ಹತ್ತು ನಿಮಿಷಕ್ಕೆ ಆರಿಸಿಬಿಡುತ್ತಿದ್ದಳು. ಯಾಕವ್ವ ಎಂದರೆ, ತಲೆಯೊಳಗೆ ಗುಂಯ್ ಅಂತೈತೆ, ಏನ್ ಏಳ್ತವ್ರೋ ತಿಳಿಯಲ್ಲ ಎನ್ನುವಳು. ಗುಂಯ್ ಎಂದರೆ ಮೆಕ್ಯಾನಿಕ್ಕಿಗೆ ಒಂದೇ ಅರ್ಥ. ಸದ್ದು ಎಲ್ಲಿಂದ ಬರುತ್ತಿದೆ ಹುಡುಕು, ನಿಲ್ಲಿಸು. ಫ್ಯಾನಿನ ಬೇರಿಂಗ್ ಬದಲಾಯಿಸಿದೆ. ಪಕ್ಕದ ಯೂನಿಟ್ಟಿನ ಕಡೆಯ ಕಿಟಕಿಗೆ ಜೀನ್ಸಿನ ತುಂಡುಗಳನ್ನು ಪದರ ಪದರವಾಗಿ ಹೊಲಿಸಿ ಪರದೆ ಕಟ್ಟಿದೆ. ಇನ್ನು ಉಳಿದದ್ದು ಕಂಪ್ಯೂಟರು. ಜಾಹೀರಾತಿನ ಕಾಟವಿಲ್ಲದೆ, ಬೇಕಾದ ಸಿನಿಮಾಗಳೆಲ್ಲ ಒಂದೇ ಕಡೆ ಇದ್ದು, ಚಿತ್ರ ನೋಡಿ ರಿಮೋಟಿನ ಒಂದು ಗುಂಡಿ ಒತ್ತಿದರೆ ಶುರುವಾಗಬೇಕು. ಕರೆಂಟು ಹೋದರೂ ಇನ್ವರ್ಟರಿನ ಮೇಲೆ ನಡೆಯಬೇಕು. ಸದ್ದಂತೂ ಕೂಡದು.

ಇಷ್ಟನ್ನೂ ಬಳ್ಳಾರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಬಿಡಿಸಿ ಹೇಳಿದೆ. ಅಂಗಡಿಯವ ಹೂಂ ಹೂಂ ಎಂದ. ವಾರ ಬಿಟ್ಟು ಹೋದರೆ ಸೊಂಟದೆತ್ತರದ ಕರಿ ಡಬ್ಬ ಮುಂದಿಟ್ಟ. ನಾಲ್ಕು ಫ್ಯಾನು, ಒಂದೊಂದಕ್ಕೂ ಬಣ್ಣಬಣ್ಣದ ಲೈಟು. ಮದುವೆ ಮನೆಯ ಸೀರಿಯಲ್ ಸೆಟ್ಟು ಅದರ ಮುಂದೆ ಸಪ್ಪೆ. ಹಾಕಿದರೆ ಅದೂ ಗುಂಯ್. ಸದ್ದು ಬೇಡ ಅಂದಿದ್ನಲ್ರೀ ಎಂದೆ. ಅವನು ನನ್ನನ್ನು ಮರುಕದಿಂದ ನೋಡಿ, 'ಫ್ಯಾನ್ ತಿರುಗಿದ್ರನ ಅಲ್ಲೇನ್ರಿ ಮಷೀನ್ ನಡದೈತಿ ಅಂತ ಗೊತ್ತಾಗೋದು' ಎಂದ.

ಬಾಯಿಗೆ ಬಂದಂತೆ ಬೈದೆ. ಅಂಗಡಿಗೆ ಬಂದಿದ್ದವರು ಎದ್ದು ಹೋದರು. ಡಬ್ಬವನ್ನು ಅವನ ಮೇಜಿನ ಮೇಲೇ ಬಿಟ್ಟು, ನಾನೇ ಕಟ್ಟುತ್ತೇನೆ ನೋಡು ಎಂದು ಬಸ್ಸು ಹತ್ತಿದೆ. ಮೋಟರು ಬಿಚ್ಚಿ ಕಟ್ಟುವವನಿಗೆ ಇದೇನು ಬ್ರಹ್ಮವಿದ್ಯೆಯೇ? ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೇ ಬಂದೆ.

ಬ್ರಹ್ಮವಿದ್ಯೆ ಅಲ್ಲ ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಸೂತ್ರ ಇಷ್ಟೇ. ಕಂಪ್ಯೂಟರಿನಲ್ಲಿ ಸದ್ದು ಮಾಡುವುದು ಫ್ಯಾನು. ಫ್ಯಾನು ಬೇಕಾಗುವುದು ಬಿಸಿಗೆ. ಬಿಸಿ ಹುಟ್ಟುವುದು ತಿನ್ನುವ ಕರೆಂಟಿನಿಂದ. ಕರೆಂಟು ಕಡಿಮೆ ತಿನ್ನುವುದನ್ನೇ ತಂದರೆ ಬಿಸಿಯೂ ಕಡಿಮೆ, ಫ್ಯಾನೂ ಬೇಡ, ಸದ್ದೂ ಇಲ್ಲ. ಸಿನಿಮಾ ತೋರಿಸುವ ಪೆಟ್ಟಿಗೆಗೆ ಆನೆ ಬಲದ ಪ್ರೊಸೆಸರು ಯಾಕೆ? ಚಿಕ್ಕ ಮದರ್‌ಬೋರ್ಡು, ಅದರ ಮೇಲೆಯೇ ಕೂತು ಬರುವ ಕಡಿಮೆ ವ್ಯಾಟಿನ ಪ್ರೊಸೆಸರು, ಗಿರಗಿರ ತಿರುಗುವ ಹಾರ್ಡ್ ಡಿಸ್ಕಿನ ಬದಲು ತಿರುಗದ ಡಿಸ್ಕು, ಲ್ಯಾಪ್‌ಟಾಪಿಗೆ ಇರುವಂಥ ಹೊರಗಿನ ಅಡಾಪ್ಟರು. ಒಂದೊಂದನ್ನೂ ಕೊರಿಯರಿನಲ್ಲಿ ತರಿಸಿದೆ. ಒಂದು ಪೊಟ್ಟಣದಲ್ಲಿ ಬೇರೆಯದೇ ಮೆಮೊರಿ ಬಂತು, ವಾಪಸು ಕಳಿಸುವುದರೊಳಗೆ ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಪೆಟ್ಟಿಗೆಯನ್ನು ನಾನೇ ಮಾಡಿದೆ. ಗುಜರಿಯಿಂದ ದಪ್ಪ ಅಲ್ಯೂಮಿನಿಯಂ ಹಲಗೆ ತಂದು, ಪ್ರೊಸೆಸರಿನ ಬಿಸಿಯೆಲ್ಲ ಅದಕ್ಕೇ ಹೋಗುವಂತೆ ಕೂರಿಸಿದೆ. ಮುಚ್ಚಳವೇ ಬಿಸಿಯನ್ನು ಗಾಳಿಗೆ ಬಿಡಬೇಕು. ಅಡಿಯಲ್ಲಿ ಹೊಲಿಗೆ ಮಷೀನಿನ ಕೆಳಗೆ ಇಡುವ ರಬ್ಬರು ಬಿಲ್ಲೆಗಳು. ಗಾಳಿಕಿಂಡಿಗಳಿಗೆ ತೆಳು ಬಟ್ಟೆ, ಯಾಕೆಂದರೆ ನಮ್ಮೂರಿನ ಗಾಳಿಯಲ್ಲಿ ಜೀನ್ಸಿನ ನೀಲಿ ನೂಲುಧೂಳು ಹಾರಾಡುತ್ತದೆ, ಯಾವ ಯಂತ್ರದ ಹೊಟ್ಟೆ ಬಿಚ್ಚಿದರೂ ನೀಲಿ ಹತ್ತಿ ಸಿಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮೂರು ಗಂಟೆ ಓಡಿಸಿ ಮುಚ್ಚಳದ ಮೇಲೆ ಅಂಗೈ ಇಟ್ಟೆ. ತುಸು ಆರಿದ ರಾಗಿ ಮುದ್ದೆಯಷ್ಟು ಬಿಸಿ, ಕೈ ಇಟ್ಟುಕೊಂಡೇ ಇರಬಹುದು. ಒಂದು ಸಾಧಾರಣ ಬಲ್ಬಿಗಿಂತ ಕಡಿಮೆ ಕರೆಂಟು ತಿನ್ನುತ್ತಿತ್ತು. ಕಿವಿ ಹಚ್ಚಿ ಕೇಳಿದರೂ ಸದ್ದಿಲ್ಲ. ಆ ದಿನ ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಊರಿನ ಕಾಟ ಶುರುವಾದದ್ದು ಆಮೇಲೆ. ಯೂನಿಟ್ಟಿನಲ್ಲಿ ಕೆಲಸ ಮಾಡಿದ ಯಾರಿಗೇ ಆಗಲಿ ಒಂದು ಅಭ್ಯಾಸ ಇರುತ್ತದೆ. ಎದ್ದು ಹೋಗುವಾಗ ಗೋಡೆಯ ಸ್ವಿಚ್ಚು ಆರಿಸಿಯೇ ಹೋಗಬೇಕು, ಇಲ್ಲದಿದ್ದರೆ ಕ್ಲಚ್ ಮೋಟರು ಸುಮ್ಮಸುಮ್ಮನೆ ಕರೆಂಟು ತಿನ್ನುತ್ತದೆ, ಮಾಲೀಕ ಬೈಯುತ್ತಾನೆ. ನನ್ನ ಹೆಂಡತಿ ಹಾಲಿನಲ್ಲಿ ಹಾದುಹೋಗುವಾಗಲೆಲ್ಲ ಪೆಟ್ಟಿಗೆಯ ಕಡೆ ಕಿವಿ ಕೊಡುವಳು. ಸದ್ದಿಲ್ಲ. ಸದ್ದಿಲ್ಲ ಅಂದರೆ ನಡೆಯುತ್ತಿಲ್ಲ. ನಡೆಯದ್ದಕ್ಕೆ ಸ್ವಿಚ್ಚು ಯಾಕೆ ಹಾಕಿರಬೇಕು? ಟಪ್ಪನೆ ಆರಿಸುವಳು. ನಾನು ಅರ್ಧ ಗಂಟೆಯಿಂದ ಸಿನಿಮಾಗಳನ್ನು ಒಳಗೆ ತುಂಬುತ್ತಿರುತ್ತಿದ್ದೆ. ಎಲ್ಲ ಮೊದಲಿನಿಂದ.

ಮೂರನೆಯ ಸಲ ಹೀಗಾದಾಗ ನಾನು ಕೂಗಾಡಿದೆ. ಅವಳೂ ಬಿಡಲಿಲ್ಲ. ಸದ್ದು ಮಾಡದಿದ್ರ ನನಗ ಹೆಂಗ ಗೊತ್ತಾಗಬೇಕ್ರಿ, ಅದಕ್ಕೇನು ಜೀವ ಐತಿ ಅಂತ ಮೂಗಿಗೆ ಬೆರಳು ಇಟ್ಟು ನೋಡಲೇನು ಎಂದಳು. ನೋಡಲು ಬಂದ ನೆಂಟರೂ ಅಷ್ಟೇ, ಪೆಟ್ಟಿಗೆಯ ಮೇಲೆ ಒಂದೆರಡು ಸಲ ತಟ್ಟಿ, ಪಾಪ ಯಾರೋ ಮೋಸ ಮಾಡಿದಾರೆ ಎಂದು ಕನಿಕರಪಟ್ಟು ಹೋದರು. ಕಣ್ಣೆದುರು ಟಿ.ವಿ.ಯಲ್ಲಿ ಚಿತ್ರ ಓಡುತ್ತಿದ್ದರೂ ನಂಬಲಿಲ್ಲ. ಕಿವಿಗೆ ಕೊಡುವ ಬೆಲೆಯನ್ನು ಕಣ್ಣಿಗೆ ಕೊಡದ ಜನ ಇವರು ಎಂದು ಉರಿದುಕೊಂಡೆ. ಕೊನೆಗೆ ಪೆಟ್ಟಿಗೆಯ ಮುಂದೆ ಸಣ್ಣ ಕೆಂಪು ದೀಪ ಹಚ್ಚಿ, ಇದು ಉರಿಯುವಾಗ ಯಾರೂ ಕೈ ಹಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದೆ.

ಅವ್ವನ ಮುಂದೆ ರಿಮೋಟು ಇಟ್ಟೆ. ತೆಲುಗು, ಕನ್ನಡ ಎರಡೂ ತುಂಬಿದ್ದೆ, ಬೇರೆ ಭಾಷೆಯಿಂದ ಡಬ್ ಮಾಡಿದವೂ ಬೇಕಾದಷ್ಟಿದ್ದವು. ಹೊಸದು, ಬಣ್ಣದ್ದು, ದೊಡ್ಡ ದೊಡ್ಡ ಜಗಳಗಳಿರುವುದು ಎಂದು ಮೊದಲು ಅಂಥದೇ ಒಂದನ್ನು ಹಾಕಿದೆ. ಕೋಣೆಯಲ್ಲಿ ಬೇರೆ ಒಂದು ಸದ್ದಿಲ್ಲ. ಮಾತು ಗಾಜಿನ ಹಾಗೆ ಸ್ಪಷ್ಟ. ಅವ್ವ ಹತ್ತು ನಿಮಿಷ ನೋಡಿದಳು. ಎದ್ದಳು.

'ಇದ್ರ ಬಾಯಿ ಕೆಟ್ಟೋಗೈತೆ ಕಣಪ್ಪ' ಎಂದಳು.

ಪೆಟ್ಟಿಗೆಯ ಬಾಯಿ ಎಂದರೆ ಸ್ಪೀಕರು, ಇನ್ನೇನು? ಟಿ.ವಿ.ಯ ಸ್ಪೀಕರು ಬಿಟ್ಟು ಬೇರೆ ಸ್ಪೀಕರು ತಂದು ಹಚ್ಚಿದೆ. ಎರಡು ದಿನ ಬಿಟ್ಟು ಇನ್ನೊಂದು ಹಾಕಿದೆ, ಅದೂ ಡಬ್ಬಿಂಗಿನದೇ. ಬಾಯಿ ಸರಿ ಮಾಡಿಲ್ಲ ನೀನು ಎಂದಳು. ಸ್ಪೀಕರನ್ನು ಅವಳ ಕುರ್ಚಿಯ ಪಕ್ಕಕ್ಕೇ ತಂದಿಟ್ಟೆ. ತಗ್ಗು ದನಿ ಇಳಿಸಿ ಎತ್ತರದ ದನಿ ಏರಿಸಿದೆ. ಬಾಯಿ ಹಂಗೇ ಐತೆ ಎಂದಳು. ಇನ್ನೆರಡು ಸ್ಪೀಕರು ಬಂದವು, ಹೋದವು. ಹೆಂಡತಿ ಏನೋ ಹೇಳಲು ಬಂದಳು, ನೀನು ಸ್ವಿಚ್ಚಿನ ತಂಟೆಗೆ ಹೋಗದಿದ್ದರೆ ಸಾಕು ಎಂದು ಅವಳ ಬಾಯಿ ಮುಚ್ಚಿಸಿದೆ.

ವಿಚಿತ್ರವೆಂದರೆ ಹಳೆಯ ಕಪ್ಪುಬಿಳುಪು ಸಿನಿಮಾವೊಂದು ಹಾಕಿದರೆ ಅವ್ವ ಪೂರಾ ನೋಡುತ್ತಿದ್ದಳು. ಅದರ ಸೌಂಡು ಕೊರಕೊರ, ನನಗೇ ಅರ್ಧ ತಿಳಿಯದು. ಅವಳು ನಗುವ ಜಾಗದಲ್ಲಿ ನಗುವಳು, ಅಳುವ ಜಾಗದಲ್ಲಿ ಸೆರಗಿನಿಂದ ಕಣ್ಣೊರೆಸುವಳು. ಕೊರಕೊರ ಕೇಳಿಸುವವಳಿಗೆ ಗಾಜಿನಂಥ ಮಾತು ಕೇಳಿಸದೇ? ನೆಂಟರು ಹೇಳಿದ್ದು ನಿಜವೇ ಇರಬೇಕು, ಬೇಕಾದ್ದು ಮಾತ್ರ ಕೇಳಿಸುತ್ತದೆ ಇವಳಿಗೆ, ನಾಲ್ಕು ತಿಂಗಳ ನನ್ನ ದುಡಿಮೆ ಮಣ್ಣು ಪಾಲು ಎಂದು ನಾನು ಅವಳ ಮೇಲೂ ಸಿಟ್ಟಾದೆ. ಒಂದೆರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅಂಥ ಒಂದು ದಿನ ಮಧ್ಯಾಹ್ನ ಕರೆಂಟು ಹೋಗಿ ಯೂನಿಟ್ಟುಗಳೆಲ್ಲ ನಿಂತವು. ನಾನು ಬೇಗ ಮನೆಗೆ ಬಂದೆ. ಬೀದಿಯೇ ಸುಮ್ಮನಿತ್ತು. ಬೆಳಿಗ್ಗೆ ಹೊರಡುವಾಗ ಅವ್ವನಿಗೆ ಹಳೆಯ ತೆಲುಗು ಸಿನಿಮಾಗಳನ್ನು ಸಾಲಾಗಿ ಹಾಕಿ ಕೊಡು ಎಂದು ಹೆಂಡತಿಗೆ ಹೇಳಿದ್ದೆ. ಇನ್ವರ್ಟರಿನ ಮೇಲೆ ಅವು ನಡೆಯುತ್ತಿರಬೇಕು. ಬಾಗಿಲ ಹತ್ತಿರ ಬಂದು ಕಿವಿಗೊಟ್ಟೆ. ಏನೂ ಇಲ್ಲ. ಪಿಟ್ಟೆನ್ನುವ ಸದ್ದಿಲ್ಲ.

ಮತ್ತೆ ಆರಿಸಿ ಹೋಗಿದ್ದಾಳೆ! ಇಷ್ಟು ಸಲ ಹೇಳಿದರೂ ಮತ್ತೆ ಆರಿಸಿ, ಮುದುಕಿಯನ್ನು ಗೋಡೆ ನೋಡಲು ಕೂರಿಸಿ ಹೋಗಿದ್ದಾಳೆ. ಚಪ್ಪಲಿಯನ್ನು ಅಂಗಳಕ್ಕೆ ಎಸೆದು ಒಳಗೆ ನುಗ್ಗಿದೆ.

ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಟಿ.ವಿ.ಯಲ್ಲಿ ಅತ್ತೆ ಸೊಸೆಯರ ಜಗಳ ಜೋರಾಗಿ ನಡೆದಿತ್ತು. ಸ್ಪೀಕರಿನ ಸ್ವಿಚ್ಚು ಮಾತ್ರ ಆರಿತ್ತು. ಕೆಂಪು ದೀಪವಿಲ್ಲದ್ದನ್ನು ಹೆಂಡತಿ ಅಭ್ಯಾಸಬಲದಿಂದ ಆರಿಸಿ ಹೋಗಿದ್ದಳು. ಬೆಳಿಗ್ಗೆಯಿಂದ ಒಂದಾದ ಮೇಲೊಂದು ಸಿನಿಮಾ ಒಂದಕ್ಷರ ಸದ್ದಿಲ್ಲದೆ ಓಡಿತ್ತು. ಅವ್ವ ಕುರ್ಚಿಯ ಅಂಚಿಗೆ ಸರಿದು, ತೆರೆಯ ಮೇಲಿನ ಮುಖಗಳನ್ನು ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದಳು. ಅತ್ತೆ ಏನೋ ಅಂದಳು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಬಾಗಿಲಲ್ಲೇ ನಿಂತೆ. ನಾನು ಬಂದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಕೊನೆಗೆ ಅವಳ ಎದುರು ಬಂದು ನಿಂತಾಗ ಬೆಚ್ಚಿ, ಆಮೇಲೆ ಖುಷಿಯಿಂದ ತೆರೆಯ ಕಡೆ ಕೈ ತೋರಿಸಿದಳು. 'ನೋಡ್ಲಾ, ಸೊಸೆ ಉಪ್ಪು ಆಕಿಲ್ಲ ಅಂತವ್ಳೆ, ಅತ್ತೆ ನಿನ್ ನಾಲಿಗೆನೇ ಕಿತ್ತು ಸಾರಿಗೆ ಆಕು, ಅದ್ರಲ್ಲಿ ಬೇಕಾದಷ್ಟೈತೆ ಅಂದ್ಲು' ಎಂದಳು.

ಸ್ಪೀಕರಿನ ಸ್ವಿಚ್ಚು ಹಾಕಲಿಲ್ಲ ನಾನು. ಹಾಗೇ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿದೆ. ನನಗೆ ಒಂದು ಮಾತೂ ತಿಳಿಯಲಿಲ್ಲ, ಅವಳಿಗೆ ಒಂದೂ ತಪ್ಪಲಿಲ್ಲ. ಬಾಯಿ. ಪೆಟ್ಟಿಗೆಯ ಬಾಯಿಯಲ್ಲ, ತೆರೆಯ ಮೇಲೆ ಮಾತಾಡುವವರ ಬಾಯಿ. ಡಬ್ಬಿಂಗ್ ಸಿನಿಮಾದಲ್ಲಿ ತುಟಿಗಳು ಆಡುವುದು ಅವಳು ಅರಿಯದ ಭಾಷೆ, ಮೇಲೆ ಹಾಕಿದ ತೆಲುಗು ಮಾತು ಅವಳ ಮಟ್ಟಿಗೆ ಇಲ್ಲವೇ ಇಲ್ಲ. ಮೊದಲ ದಿನವೇ ನೆಟ್ಟಗೆ ಹೇಳಿದ್ದಳು ಪುಣ್ಯಾತ್ಮಳು, ಬಾಯಿ ಕೆಟ್ಟಿದೆ ಎಂದು. ನಾನು ಮೂರು ಸ್ಪೀಕರು ಬದಲಾಯಿಸಿದೆ.

ಸಂಜೆ ಹೆಂಡತಿ ಬಂದಾಗ ಅವ್ವನ ಕಿವಿಯ ಬಗ್ಗೆ ಕೇಳಿದೆ. ಅವಳು ಟಿಫನ್ ಡಬ್ಬಿ ಕೆಳಗಿಟ್ಟು ನನ್ನನ್ನೇ ನೋಡಿದಳು. 'ನಿಮಗ ಗೊತ್ತಿಲ್ಲೇನ್ರಿ?' ಎಂದಳು. 'ಅತ್ತಿಯವ್ರಿಗೆ ಪೂರಾ ಕೇಳಂಗಿಲ್ರಿ. ಹೊಲಿಗಿ ಲೈನಿನಾಗ ನಾವೆಲ್ಲ ಬಾಯಿ ನೋಡಿನ ಮಾತಾಡ್ತೀವಿ. ಆ ಗದ್ದಲದಾಗ ಕಿವಿ ಯಾರಿಗೆ ಬೇಕ್ರಿ?'

ಆಮೇಲೆ ವಿವರವಾಗಿ ಹೇಳಿದಳು. ಕ್ಲಚ್ ಮೋಟರುಗಳ ಕಾಲದಲ್ಲಿ ಎದುರು ಸಾಲಿನ ಗೆಳತಿಗೆ ಏನಾದರೂ ಹೇಳಬೇಕಾದರೆ ಕೂಗಿ ಪ್ರಯೋಜನವಿರಲಿಲ್ಲವಂತೆ. ದನಿ ತೆಗೆಯದೆ ತುಟಿಗಳನ್ನೇ ಅಗಲಿಸಿ ಹೇಳುವುದು, ಅವಳು ನೋಡಿ ತಿಳಿಯುವುದು. ಮನೆಯ ಸುಖದುಃಖ, ಸೂಪರ್‌ವೈಸರನ ಮೇಲಿನ ಚಾಡಿ, ಬಸುರಿಯಾದ ಸುದ್ದಿ, ಎಲ್ಲ ಹಾಗೆಯೇ. ಎರಡು ಭಾಷೆಯಲ್ಲೂ ಕಲಿತರಂತೆ, ಕೆಲವು ತುಟಿಗಳು ಕನ್ನಡದವು, ಕೆಲವು ತೆಲುಗಿನವು. ಅವ್ವನ 'ಓಯ್ತೀನಿ'ಯನ್ನು ಅವರು ಅಣಕಿಸುತ್ತಿದ್ದದ್ದೂ ತುಟಿಯಲ್ಲೇ. ಅದರಲ್ಲಿ ಅವ್ವನಷ್ಟು ಚುರುಕು ಬೇರೆ ಯಾರೂ ಇರಲಿಲ್ಲವಂತೆ. ಕಿವಿ ಯಾವಾಗ ಹೋಯಿತೋ ಅವಳಿಗೂ ಸರಿಯಾಗಿ ಗೊತ್ತಿಲ್ಲ, ಹೋಗಿದೆ ಎಂದು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ. ಈಗ ಉಳಿದಿರುವುದು ಬರೀ ಆ ಗುಂಯ್. ಅದು ಕೋಣೆಯಲ್ಲಿರಲಿಲ್ಲ, ಅವಳ ತಲೆಯೊಳಗೇ ಇತ್ತು. ಅದನ್ನೂ ಅವ್ವ ಹೇಳಿದ್ದಳು, ನಾನು ಫ್ಯಾನಿನ ಬೇರಿಂಗ್ ಬದಲಾಯಿಸಿದ್ದೆ.

ಇದನ್ನೆಲ್ಲ ಹೆಂಗಸರೆಲ್ಲ ಬಲ್ಲರು. ನನ್ನ ಮನೆಯೊಳಗೆ ಇಬ್ಬರು ಹೆಂಗಸರು ವರ್ಷಗಟ್ಟಲೆ ನನ್ನೆದುರೇ ಸದ್ದಿಲ್ಲದೆ ಮಾತಾಡಿಕೊಂಡಿದ್ದಾರೆ. ಯೂನಿಟ್ಟುಗಳಲ್ಲಿ ದಿನಾ ಓಡಾಡುವ ನಾನು ಅವರೆಲ್ಲರ ತುಟಿಗಳು ಅಲ್ಲಾಡುವುದನ್ನು ನೋಡಿದ್ದೇನೆ, ಹಾಡಿನ ಪದ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಆ ಮಾಲೀಕನ ಚಹಾ ನೆನಪಾಗಿ ಬಾಯಿ ಕಹಿಯಾಯಿತು. ಮೋಟರು ಬದಲಾಯಿಸಿದ್ದಕ್ಕೆ ಬಿಲ್ಲು ಅರ್ಧಕ್ಕಿಳಿಯಿತೆಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಕಿವಿಯ ಲೆಕ್ಕ ಅವನೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ಅವನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ, ಅದು ಇಳಿಯುವಂಥದ್ದಲ್ಲ.

ಕೊರೋನಾ ಕಾಲದಲ್ಲಿ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಾಗ ಅವ್ವ ಮಾತೇ ಬಿಟ್ಟಿದ್ದಳು. ಯಾರು ಬಂದರೂ ಎದ್ದು ಒಳಗೆ ಹೋಗುವಳು. ರೋಗದ ಭಯ ಎಂದುಕೊಂಡೆವು. ಆಗ ನಾನು ಅವಳಿಗೆ ಧೈರ್ಯ ಹೇಳಿದ್ದೂ ಮಾಸ್ಕು ಕಟ್ಟಿಕೊಂಡೇ.

ಎಲ್ಲ ಕೇಳಿ ಮುಗಿದ ಮೇಲೆ ಹೆಂಡತಿಗೆ ಅಂದೆ, ಹಾಗಾದರೆ ನನ್ನ ಮಾತು ಅವ್ವನಿಗೆ ಎಷ್ಟು ತಿಳಿಯುತ್ತಿತ್ತು? ಅವಳು ನನ್ನ ಮೂಗಿನ ಕೆಳಗೆ ನೋಡಿದಳು, ಆಮೇಲೆ ಒಲೆಯ ಕಡೆ ತಿರುಗಿಕೊಂಡಳು.

ಮಾರನೆಯ ದಿನ ಕೆಲಸಕ್ಕೆ ಹೋಗುವ ಮೊದಲೇ ಕ್ಷೌರದ ಅಂಗಡಿಗೆ ಹೋದೆ. ಪೂರಾ ತೆಗಿ ಎಂದೆ. ಅವನು ನಂಬದೆ ಎರಡು ಸಲ ಕೇಳಿದ, ಯಾರು ತೀರಿಕೊಂಡ್ರೀ ಎಂದು ಮೆಲ್ಲಗೆ ವಿಚಾರಿಸಿದ. ಅವನಿಗೂ ಎರಡು ಬೈದೆ. ಎಷ್ಟೋ ವರ್ಷದ ಮೇಲೆ ಗಾಳಿ ಮೇಲಿನ ತುಟಿಗೆ ತಾಗಿ ಚುಳುಚುಳು ಎನಿಸಿತು.

ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎದುರು ಕುಕ್ಕರುಗಾಲಿನಲ್ಲಿ ಕೂತೆ. ಬಾಯಲ್ಲಿ ತಿರುಪಿರಲಿಲ್ಲ. ಕೂಗಲಿಲ್ಲ, ದನಿಯನ್ನೂ ತೆಗೆಯಲಿಲ್ಲ, ಬರೀ ತುಟಿಯಲ್ಲಿ, ಊಟ ಆಯ್ತೇನವ್ವ ಎಂದೆ.

ಅವಳ ಕೈ ನಿಂತಿತು. ನನ್ನ ಬಾಯಿಯನ್ನೇ ನೋಡಿದಳು. ಅವರೆಕಾಯಿ ಬಿಟ್ಟು, ಸೊನೆ ಹತ್ತಿದ ಬೆರಳಿನಿಂದ ನನ್ನ ಮೇಲ್ದುಟಿಯನ್ನು ಮುಟ್ಟಿದಳು.

'ಆಯ್ತು ಕಣಪ್ಪ' ಎಂದಳು. ಆಮೇಲೆ, 'ಇಷ್ಟ್ ವರ್ಸ ಏನೇನೋ ಏಳ್ತಿದ್ದೆಲ್ಲ ನಂಗೆ, ಬಗ್ಗಿಕೊಂಡು. ಅದನ್ನೆಲ್ಲ ಇನ್ನೊಂದ್ಸಲ ಏಳು' ಎಂದಳು.

ಹೇಳಲು ಬಾಯಿ ತೆಗೆದೆ. ಬೈದದ್ದು ನೆನಪಾಯಿತು, ರೇಗಿದ್ದು ನೆನಪಾಯಿತು, ಏನೂ ಇಲ್ಲ ಬಿಡವ್ವ ಎಂದದ್ದು ನೆನಪಾಯಿತು. ಅವಳಿಗೆ ಇನ್ನೊಂದು ಸಲ ಹೇಳಬಹುದಾದದ್ದು ಒಂದೂ ಸಿಗಲಿಲ್ಲ. ಅವ್ವ ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದಳು.